ಕ್ಯಾಪ್ಟನ್ ಕಿಡ್ ಹೂತಿಟ್ಟ ನಿಧಿ ಇನ್ನೂ ಎಲ್ಲೋ ಇದೆಯೇ? ಕಾರವಾರಕ್ಕೂ ಬಂದಿದ್ದ ನಾವಿಕನ ನಿಜ ಕಥೆ

ಮಾಸಿದ ನಕ್ಷೆ, ಅದರ ಮೇಲೊಂದು ಕೆಂಪು ಗುರುತು, ಕೆಳಗೆ ಕ್ಯಾಪ್ಟನ್ ಕಿಡ್ ಎಂಬ ಹೆಸರು. ಇಂಥ ಚಿತ್ರವೋ ವಿಡಿಯೋವೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. 300 ವರ್ಷಗಳ ಹಿಂದೆ ಈ ಕಡಲ್ಗಳ್ಳ ರಾಶಿ ಬಂಗಾರ ಹೂತಿಟ್ಟು ಸತ್ತ, ಅದು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ ಎನ್ನುವುದು ಅದರ ಸಾರ. ಆತ ಹೂತಿಟ್ಟಿದ್ದು ನಿಜ. ಆದರೆ ಅದನ್ನು ಆತ ಬದುಕಿದ್ದಾಗಲೇ ಹೊರತೆಗೆದು, ತೂಕ ಮಾಡಿ, ಪಟ್ಟಿ ಬರೆದಿದ್ದರು.

ಯಾರು ಈ ಕಿಡ್?

ವಿಲಿಯಂ ಕಿಡ್ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದವನು. ನ್ಯೂಯಾರ್ಕ್‌ನಲ್ಲಿ ನೆಲೆಸಿ, 1691ರಲ್ಲಿ ಸಾರಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾಗಿ, ಊರಿನ ಗಣ್ಯರಲ್ಲಿ ಒಬ್ಬನಾಗಿದ್ದ. ಆತ ಕಡಲ್ಗಳ್ಳನಾಗಿ ಹೊರಟವನಲ್ಲ, ಕಡಲ್ಗಳ್ಳರನ್ನು ಹಿಡಿಯಲು ಹೊರಟವನು. ಕಡಲ್ಗಳ್ಳರನ್ನೂ ಶತ್ರು ದೇಶವಾದ ಫ್ರಾನ್ಸ್‌ನ ಹಡಗುಗಳನ್ನೂ ಹಿಡಿಯಲು ಇಂಗ್ಲೆಂಡಿನ ರಾಜನೇ ಪರವಾನಗಿ ಕೊಟ್ಟಿದ್ದ. ಹಣ ಹಾಕಿದವರು ಅಲ್ಲಿನ ದೊಡ್ಡ ದೊಡ್ಡ ಶ್ರೀಮಂತರು. 34 ಫಿರಂಗಿಗಳ ಅಡ್ವೆಂಚರ್ ಗ್ಯಾಲಿ ಹಡಗಿನಲ್ಲಿ 1696ರಲ್ಲಿ ಆತ ಹೊರಟ. ಹಡಗು ಸಿಕ್ಕರೆ ಮಾತ್ರ ಪಾಲು, ಇಲ್ಲದಿದ್ದರೆ ಸಂಬಳವೇ ಇಲ್ಲ ಎಂಬ ಕರಾರಿನ ಮೇಲೆ ನಾವಿಕರು ಹತ್ತಿದ್ದರು.

ಕಾರವಾರಕ್ಕೆ ಬಂದಿದ್ದು ಯಾಕೆ?

1697ರ ಆಗಸ್ಟ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ವ್ಯಾಪಾರಿ ಹಡಗುಗಳ ಬೆನ್ನು ಹತ್ತಿ, ಬರಿಗೈಲಿ ವಾಪಸಾದ. ಸೆಪ್ಟೆಂಬರ್‌ನಲ್ಲಿ ಕಾರವಾರಕ್ಕೆ ಬಂದು ಲಂಗರು ಹಾಕಿದ. ಆಗ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. ಕಿಡ್‌ನ ಕೆಲವು ನಾವಿಕರು ಅಲ್ಲೇ ಹಡಗು ಬಿಟ್ಟು ಹೋದರು. ಆತ ಕಡಲ್ಗಳ್ಳನಾಗಿದ್ದಾನೆ ಎಂಬ ವರದಿಯೂ ಕಂಪನಿಯ ಕೈ ಸೇರಿತು.

ಹಡಗಿನಲ್ಲಿ ಅಸಮಾಧಾನ ಹೆಚ್ಚಿತು. ಅಕ್ಟೋಬರ್ 30ರಂದು ಜಗಳದಲ್ಲಿ ಕಿಡ್ ತನ್ನ ಫಿರಂಗಿಗಾರ ವಿಲಿಯಂ ಮೂರ್ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್‌ನಿಂದ ಹೊಡೆದ. ಮರುದಿನ ಮೂರ್ ಸತ್ತ.

1698ರ ಜನವರಿ 30ರಂದು ಮಲಬಾರ್ ಕರಾವಳಿಯಲ್ಲಿ ದೊಡ್ಡ ಬೇಟೆ ಸಿಕ್ಕಿತು: ಬಂಗಾಳದಿಂದ ಸೂರತ್‌ಗೆ ಹೊರಟಿದ್ದ ಕ್ವೆಡಾ ಮರ್ಚೆಂಟ್ ಹಡಗು. ಅದರಲ್ಲಿದ್ದ ಸರಕಿನಲ್ಲಿ ಹೆಚ್ಚಿನದು ರೇಷ್ಮೆ, ಮಸ್ಲಿನ್ ಬಟ್ಟೆ, ಸಕ್ಕರೆ, ಅಫೀಮು, ಕಬ್ಬಿಣ. ಆ ಹಡಗಿನ ಬಳಿ ಫ್ರೆಂಚ್ ರಹದಾರಿ ಪತ್ರ ಇತ್ತು. ಹಾಗಾಗಿ ಅದನ್ನು ಹಿಡಿದದ್ದು ಕಾನೂನುಬದ್ಧ ಎಂದೇ ಕಿಡ್ ವಾದಿಸಿದ. ಆದರೆ ಸರಕಿನಲ್ಲಿ ಮೊಘಲ್ ಆಸ್ಥಾನದವರ ಪಾಲೂ ಇತ್ತು. ಮೊಘಲರ ಸಿಟ್ಟು ಕಂಪನಿಯ ಮೇಲೆ ತಿರುಗಿತು, ಕಂಪನಿಗೆ ಕಿಡ್ ಬೇಕಾದ ಅಪರಾಧಿಯಾದ.

ಹಾಗಾದರೆ ನಿಧಿ ಏನಾಯಿತು?

1699ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ತಲುಪಿದಾಗ, ತನ್ನನ್ನು ಕಡಲ್ಗಳ್ಳ ಎಂದು ಘೋಷಿಸಿರುವುದು ಆತನಿಗೆ ಗೊತ್ತಾಯಿತು. ದೊಡ್ಡ ಹಡಗನ್ನು ಅಲ್ಲೇ ಬಿಟ್ಟು ಸಣ್ಣ ಹಡಗಿನಲ್ಲಿ ನ್ಯೂಯಾರ್ಕ್ ಕಡೆ ಹೋದ. ದಾರಿಯಲ್ಲಿ ಗಾರ್ಡಿನರ್ಸ್ ದ್ವೀಪದಲ್ಲಿ, ಅದರ ಮಾಲೀಕನಿಗೆ ತಿಳಿಸಿಯೇ, ಒಂದಷ್ಟು ಸಂಪತ್ತು ಹೂತಿಟ್ಟ. ಫಾರ್ವರ್ಡ್‌ಗಳಲ್ಲಿ ಬರುವ ನಿಧಿ ಇದೇ.

ಜುಲೈನಲ್ಲಿ ಬಾಸ್ಟನ್‌ನಲ್ಲಿ ಕಿಡ್ ಬಂಧನವಾಯಿತು. ಬಂಧಿಸಿದ್ದು ಆತನ ಯಾತ್ರೆಗೆ ಹಣ ಹಾಕಿದವರಲ್ಲೇ ಒಬ್ಬನಾದ ಗವರ್ನರ್ ಬೆಲಮಾಂಟ್. ಹೂತಿಟ್ಟದ್ದನ್ನೂ ಬೇರೆ ಕಡೆ ಇಟ್ಟದ್ದನ್ನೂ ಅಧಿಕಾರಿಗಳು ತರಿಸಿ ಪಟ್ಟಿ ಮಾಡಿದರು: 1,111 ಔನ್ಸ್ ಚಿನ್ನ, ಅಂದರೆ ಸುಮಾರು 35 ಕಿಲೋ, 2,353 ಔನ್ಸ್ ಬೆಳ್ಳಿ, ಅಂದರೆ ಸುಮಾರು 73 ಕಿಲೋ, ಜೊತೆಗೆ ಒಂದಷ್ಟು ಹರಳುಗಳು, 57 ಚೀಲ ಸಕ್ಕರೆ, 41 ಮೂಟೆ ಸರಕು. ಎಲ್ಲವನ್ನೂ ಲಂಡನ್‌ಗೆ ಸಾಗಿಸಿದರು.

1701ರ ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಕಿಡ್‌ನನ್ನು ಉಳಿಸಬಹುದಾಗಿದ್ದ ಫ್ರೆಂಚ್ ರಹದಾರಿ ಪತ್ರಗಳು ನ್ಯಾಯಾಲಯಕ್ಕೆ ಬರಲೇ ಇಲ್ಲ. ಸುಮಾರು 200 ವರ್ಷಗಳ ನಂತರ ಅವು ಲಂಡನ್ನಿನ ಸರ್ಕಾರಿ ದಾಖಲೆಗಳ ನಡುವೆ ಸಿಕ್ಕವು. ಮೂರ್ ಕೊಲೆ ಮತ್ತು ಕಡಲ್ಗಳ್ಳತನ, ಎರಡರಲ್ಲೂ ತಪ್ಪಿತಸ್ಥ ಎಂದು ತೀರ್ಪಾಯಿತು. ಮೇ 23ರಂದು ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ತುಂಡಾಯಿತು, ಎರಡನೇ ಸಲ ಜೀವ ಹೋಯಿತು. ಆತನಿಂದ ವಶಪಡಿಸಿಕೊಂಡ ಆಸ್ತಿಯ 6,471 ಪೌಂಡ್ ಹಣ ಗ್ರೀನಿಚ್‌ನ ನಾವಿಕರ ಆಸ್ಪತ್ರೆಗೆ ಹೋಯಿತು.

ಸುಳ್ಳು ಹುಟ್ಟಿದ್ದು ಎಲ್ಲಿ?

ಸಾಯುವ ಕೆಲವೇ ದಿನಗಳ ಮುಂಚೆ ಕಿಡ್ ಸಂಸತ್ತಿನ ಸ್ಪೀಕರ್‌ಗೆ ಪತ್ರ ಬರೆದ. ತನ್ನನ್ನು ಕೈದಿಯಾಗಿಯೇ ಕರೆದೊಯ್ದರೆ 1,00,000 ಪೌಂಡ್ ಬೆಲೆಯ ಸಂಪತ್ತು ಇರುವ ಜಾಗ ತೋರಿಸುವುದಾಗಿ ಅದರಲ್ಲಿ ಹೇಳಿಕೊಂಡ. ಜೀವ ಉಳಿಸಿಕೊಳ್ಳಲು ಆತನ ಬಳಿ ಉಳಿದಿದ್ದ ಕೊನೆಯ ದಾರಿ ಅದು. ಯಾರೂ ಒಪ್ಪಲಿಲ್ಲ. ಆದರೆ ಆ ದೊಡ್ಡ ಮೊತ್ತ ಜನರ ಬಾಯಲ್ಲಿ ಉಳಿಯಿತು, ಕಥೆ ಕಾದಂಬರಿಗಳು ಅದನ್ನು ಇನ್ನಷ್ಟು ಬೆಳೆಸಿದವು.

ಆತ ಬಿಟ್ಟುಹೋದ ಹಡಗಿನ ಅವಶೇಷ 2007ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕ್ಯಾಟಲಿನಾ ದ್ವೀಪದ ಬಳಿ ಪತ್ತೆಯಾಯಿತು. ಅಲ್ಲಿ ಸಿಕ್ಕಿದ್ದು ಫಿರಂಗಿ, ಲಂಗರು, ತೇಗದ ಮರ, ಬಂಗಾರವಲ್ಲ. 2015ರಲ್ಲಿ ಮಡಗಾಸ್ಕರ್ ಬಳಿ ಕಿಡ್‌ನ 50 ಕಿಲೋ ಬೆಳ್ಳಿ ಗಟ್ಟಿ ಸಿಕ್ಕಿತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಯುನೆಸ್ಕೋ ತಜ್ಞರು ಪರೀಕ್ಷಿಸಿದಾಗ ಅದರಲ್ಲಿ ಶೇ. 95ರಷ್ಟು ಸೀಸ ಇತ್ತು, ಬೆಳ್ಳಿ ಇರಲೇ ಇಲ್ಲ.

ನೀವು ಏನು ನೋಡಬೇಕು?

ನಿಧಿಯ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಅಷ್ಟು ಸಂಪತ್ತು ಇತ್ತು ಎನ್ನಲು ಆ ಕಾಲದ ದಾಖಲೆ ಇದೆಯೇ? ಅದು ಆಗಲೇ ಖರ್ಚಾಗಿದೆಯೇ, ಜಪ್ತಿಯಾಗಿದೆಯೇ? ಸಿಕ್ಕ ವಸ್ತುವನ್ನು ಹೊರಗಿನ ತಜ್ಞರು ಪರೀಕ್ಷಿಸಿದ್ದಾರೆಯೇ? ನಮ್ಮಲ್ಲೂ ನಿಧಿಯಾಸೆಗೆ ಹಳೆಯ ಗುಡಿಗಳನ್ನು ಅಗೆದು ಹಾಳು ಮಾಡಿದ ಸುದ್ದಿ, ನಿಧಿಯ ನಾಣ್ಯ ಎಂದು ನಕಲಿ ಚಿನ್ನ ಮಾರಿ ಟೋಪಿ ಹಾಕಿದ ಸುದ್ದಿ ಬರುತ್ತಲೇ ಇರುತ್ತವೆ. ಭೂಮಿಯಲ್ಲಿ ನಿಜವಾಗಿ ನಿಧಿ ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಬೇಕು ಎನ್ನುತ್ತದೆ ಕಾನೂನು. ಹಾಗಾಗಿ ನಕ್ಷೆ ಕೊಡುತ್ತೇನೆ, ಮೊದಲು ದುಡ್ಡು ಹಾಕಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಿಡ್‌ನ ನಿಧಿಯ ಫಾರ್ವರ್ಡ್ ಮತ್ತೆ ಬಂದರೆ, ಆ 57 ಚೀಲ ಸಕ್ಕರೆಯ ಪಟ್ಟಿಯನ್ನು ಕಳುಹಿಸಿದವರಿಗೂ ತಿಳಿಸಿ.