ಪೆಲ್ಲೆ ಲಿಂಡ್‌ಬರ್ಗ್ ಮತ್ತು 35ನೇ ನಂಬರ್

ಇದು ನಮ್ಮ ಧ್ಯಾನ್‌ಚಂದ್ ಆಡಿದ ಹಾಕಿ ಅಲ್ಲ, ಐಸ್ ಹಾಕಿ. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಹೊಸ ಹುಡುಗರನ್ನು ಐಪಿಎಲ್ ಥರ ಹರಾಜು ಹಾಕಲ್ಲ. ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಎಷ್ಟನೆಯವನಾಗಿ ಆಯ್ಕೆಯಾದ ಅನ್ನೋ ನಂಬರ್ ಹುಡುಗನ ಹೆಸರಿಗೆ ಅಂಟಿಕೊಂಡುಬಿಡುತ್ತೆ, ಥೇಟ್ ಸಿಇಟಿ ರ್‍ಯಾಂಕ್ ಹಾಗೆ.

ಸ್ಟಾಕ್‌ಹೋಮ್‌ನಲ್ಲಿ 1959ರಲ್ಲಿ ಹುಟ್ಟಿದ ಗೋಲ್‌ಕೀಪರ್ ಪೆಲ್ಲೆ ಲಿಂಡ್‌ಬರ್ಗ್‌ಗೆ 1979ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು 35. ಆರಿಸಿದ್ದು ಫಿಲಡೆಲ್ಫಿಯಾ ಫ್ಲೈಯರ್ಸ್. ಆ ತಂಡ ಕೂಡ ಅದಕ್ಕೂ ಮೊದಲು, 14ನೇ ಸರದಿಯಲ್ಲಿ, ಬ್ರಯಾನ್ ಪ್ರಾಪ್‌ನನ್ನು ತೆಗೆದುಕೊಂಡಿತ್ತು. ಆ ವರ್ಷ ಮೊದಲ ಆಯ್ಕೆ ರಾಬ್ ರಾಮೇಜ್. ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದ ಒಳ್ಳೆ ಆಟಗಾರನೇ. ಆದರೆ 8ನೆಯವನಾಗಿ ಬಂದ ರೇ ಬೋರ್ಕ್, 48ನೆಯವನಾದ ಮಾರ್ಕ್ ಮೆಸಿಯರ್ ದಂತಕತೆಯಾದರು. ಮೆಸಿಯರ್ ಆರು ಸಲ ಸ್ಟ್ಯಾನ್ಲಿ ಕಪ್ ಗೆದ್ದ.

ಹಾಗಂತ ಡ್ರಾಫ್ಟ್ ನಂಬರ್ ಬುರುಡೆ ಅಲ್ಲ. ಸರಾಸರಿ ತೆಗೆದರೆ ಮೊದಲ ಸುತ್ತಿನವರೇ ಹೆಚ್ಚು ಪಂದ್ಯ ಆಡುತ್ತಾರೆ. ಆದರೆ ಅದರಲ್ಲಿ ಎಷ್ಟು ಪ್ರತಿಭೆ, ಎಷ್ಟು ಅವಕಾಶ? ಮೊದಲ ಸುತ್ತಿನ ಹುಡುಗ ಎಡವಿದರೂ ತಂಡ ಕಾಯುತ್ತೆ, ಕೈಬಿಟ್ಟರೆ ಆರಿಸಿದವರ ಮರ್ಯಾದೆಯೇ ಹೋಗುತ್ತಲ್ಲ! ಗೋಲ್‌ಕೀಪರ್‌ಗಳ ಲೆಕ್ಕವಂತೂ ಇನ್ನೂ ಕಷ್ಟ. ಅವರು ಮಾಗುವುದೇ ನಿಧಾನ.

ಡ್ರಾಫ್ಟ್ ಆಗಿ ತಿಂಗಳುಗಳಲ್ಲೇ, 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕಕ್ಕೆ ಸೋಲಿಸಲಾಗದೆ ಉಳಿದಿದ್ದು ಸ್ವೀಡನ್ ತಂಡವನ್ನು ಮಾತ್ರ. ಪಂದ್ಯ 2-2ರಲ್ಲಿ ಮುಗಿಯಿತು, ಸ್ವೀಡನ್ ಗೋಲಿನಲ್ಲಿದ್ದವನು ಲಿಂಡ್‌ಬರ್ಗ್. ಅಷ್ಟಾದರೂ ಎನ್‌ಎಚ್‌ಎಲ್ ಬಾಗಿಲು ತಕ್ಷಣ ತೆರೆಯಲಿಲ್ಲ. ಕೆಳಗಿನ ಲೀಗ್‌ನ ಮೇನ್ ಮ್ಯಾರಿನರ್ಸ್ ತಂಡದಲ್ಲಿ ಆಡಿ, ಮೊದಲ ಸೀಸನ್ನಿನಲ್ಲೇ ಆ ಲೀಗ್‌ನ ಶ್ರೇಷ್ಠ ಆಟಗಾರನಾದ. ಮೇಲೆ ಬಂದ ಮೇಲೂ 1983-84ರಲ್ಲಿ ಫಾರ್ಮ್ ಕೆಟ್ಟಾಗ ಮತ್ತೆ ಕೆಳಗೆ ಕಳಿಸಿದರು. ಬಾಲ್ಯದ ಹೀರೋ ಬರ್ನಿ ಪೇರೆಂಟ್ ಫ್ಲೈಯರ್ಸ್‌ನಲ್ಲೇ ಗೋಲ್‌ಕೀಪಿಂಗ್ ಕಲಿಸುತ್ತಿದ್ದದ್ದು ಅವನ ಪುಣ್ಯ. ಇಂಥದ್ದನ್ನು ಯಾವ ಪಟ್ಟಿ ಅಳೆಯುತ್ತೆ?

1984-85ರಲ್ಲಿ 40 ಗೆಲುವು, ಇಡೀ ಲೀಗ್‌ನಲ್ಲೇ ಹೆಚ್ಚು. ಫ್ಲೈಯರ್ಸ್ ಫೈನಲ್ ತಲುಪಿ ಎಡ್ಮಂಟನ್‌ಗೆ ಸೋತಿತು. ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ವೆಝಿನಾ ಟ್ರೋಫಿ ಗೆದ್ದ ಮೊದಲ ಯುರೋಪಿಯನ್ ಆತನಾದ. ಅದಕ್ಕೆ ಮತ ಹಾಕುವವರು ತಂಡಗಳ ಜನರಲ್ ಮ್ಯಾನೇಜರ್‌ಗಳು. ಆರು ವರ್ಷದ ಹಿಂದೆ ಆತನನ್ನು ದಾಟಿ ಬೇರೆಯವರನ್ನು ಆರಿಸಿದ್ದು ಇದೇ ತಂಡಗಳು.

1985ರ ನವೆಂಬರ್ 10ರ ಬೆಳಗಿನ ಜಾವ, ನ್ಯೂಜೆರ್ಸಿಯಲ್ಲಿ ಆತನ ಪೋರ್ಷೆ ಶಾಲೆಯೊಂದರ ಮುಂದಿನ ಗೋಡೆಗೆ ಗುದ್ದಿತು. ರಕ್ತದಲ್ಲಿದ್ದ ಮದ್ಯ ಕಾನೂನಿನ ಮಿತಿಯ ಎರಡು ಪಟ್ಟಿಗೂ ಜಾಸ್ತಿ. ಕಾರಿನಲ್ಲಿದ್ದ ಇನ್ನಿಬ್ಬರು ಗಾಯಗೊಂಡು ಬದುಕಿದರು. 26ರ ಹರೆಯದ ಆತನ ಅಂಗಾಂಗಗಳನ್ನು ದಾನ ಮಾಡಲಾಯಿತು.

1986ರ ಆಲ್-ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳು ಸತ್ತವನನ್ನೇ ಆರಿಸಿದರು. ಆತನ 31ನೇ ನಂಬರಿನ ಜೆರ್ಸಿಯನ್ನು ಫ್ಲೈಯರ್ಸ್ ಅಧಿಕೃತವಾಗಿ ನಿವೃತ್ತಿ ಮಾಡಿಲ್ಲ. ಆದರೆ ಆತನ ನಂತರ ಅಲ್ಲಿ ಯಾರೂ ಅದನ್ನು ತೊಟ್ಟಿಲ್ಲ.