ಕುಲುಮೆ ಆರದಂತೆ

ಕಳೆದ ಎರಡು ವರ್ಷಗಳಲ್ಲಿ ನನ್ನ ಕೋಣೆಯ ಗೋಡೆ ಐದು ಟೈಮ್‌ಟೇಬಲ್‌ಗಳನ್ನು ಕಂಡಿದೆ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ದಿನಕ್ಕೆ ಹನ್ನೆರಡು ಗಂಟೆ ಓದುವುದು. ಒಂದೂ ನಾಲ್ಕನೇ ದಿನ ದಾಟಲಿಲ್ಲ. ಡಿಗ್ರಿ ಮುಗಿದಿದೆ, ಕೆಲಸ ಸಿಕ್ಕಿಲ್ಲ. ಅಧಿಸೂಚನೆ ಬಂತೆಂದರೆ ಹಗಲು ರಾತ್ರಿ ಓದು. ಪರೀಕ್ಷೆ ಮುಂದಕ್ಕೆ ಹೋಯಿತೆಂದರೆ ಪುಸ್ತಕ ಮುಚ್ಚಿ ಮಲಗುವುದು. ನನ್ನಂಥವರು ಬಹಳ ಮಂದಿ ಇದ್ದಾರೆಂದು ಗೊತ್ತು.

ನಮ್ಮೂರು ಮಾಚೇನಹಳ್ಳಿ. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಕೈಗಾರಿಕಾ ಪ್ರದೇಶವಿರುವ ಊರು. ಇಲ್ಲಿಂದ ಬಸ್ ಹತ್ತಿ ಭದ್ರಾವತಿಗೆ ಹೋದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಪ್ರತಿ ಸೆಪ್ಟೆಂಬರ್ 15ರಂದು ಅವರ ಮೇಲಿನ ಭಾಷಣ ಕೇಳಿ ಕೇಳಿ ಬೇಸರವಾಗಿತ್ತು. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಅವರ ಬದುಕನ್ನು ಓದಿದೆ: ಹುದ್ದೆ ಇಲ್ಲದಾಗ, ಕೇಳುವವರು ಯಾರೂ ಇಲ್ಲದಾಗ, ಈ ಮನುಷ್ಯ ದಿನವನ್ನು ಹೇಗೆ ಕಳೆದರು?

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿದರು. ರಾತ್ರಿ ತಂಗುವುದು ಪಾಠ ಹೇಳುವ ಮನೆಯಲ್ಲಿ, ಊಟಕ್ಕೆ ಸೋದರಮಾವನ ಮನೆಗೆ ನಡಿಗೆ. ಓದು, ಪಾಠ, ನಡಿಗೆ ಮೂರಕ್ಕೂ ಹೊತ್ತು ಹೊಂದಿಸಲೇಬೇಕಿತ್ತು. ಅವರ ಸಮಯಪಾಲನೆಯನ್ನು ನಾವು ದೊಡ್ಡವರ ಶಿಸ್ತು ಎಂದು ಹೊಗಳುತ್ತೇವೆ. ನನಗೆ ಅದು ಬಡ ವಿದ್ಯಾರ್ಥಿಯೊಬ್ಬ ಅನಿವಾರ್ಯವಾಗಿ ಕಲಿತ ಅಭ್ಯಾಸದಂತೆ ಕಂಡಿತು.

ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಮೊದಮೊದಲ ಕೆಲಸಗಳಲ್ಲಿ ಒಂದು, ಹಳ್ಳಕ್ಕೆ ಅಡ್ಡಲಾಗಿ ಪೈಪಿನ ಸೈಫನ್ ಕಟ್ಟುವುದು. ಮಳೆಗಾಲ, ಮರಳು ತುಂಬುತ್ತಿತ್ತು. ಮಳೆ ನಿಂತ ಮೇಲೆ ಮಾಡುತ್ತೇನೆಂದು ಪತ್ರ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಆಮೇಲೆ ಅದೇ ಮಳೆಯಲ್ಲಿ ನಿಂತು ಕೆಲಸ ಮುಗಿಸಿದರು. ಸರ್ ಎಂ.ವಿ. ಕೂಡ ಒಮ್ಮೆ ಕೆಲಸ ಮುಂದೂಡಲು ನೋಡಿದ್ದರು ಎಂದು ತಿಳಿದಾಗ ನನಗೆ ಸಮಾಧಾನವಾಯಿತು!

ಇಪ್ಪತ್ನಾಲ್ಕು ವರ್ಷ ದುಡಿದ ಇಲಾಖೆಯಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ ಆಗ ಭಾರತೀಯರಿಗೆ ದಕ್ಕುತ್ತಿರಲಿಲ್ಲ. 1908ರಲ್ಲಿ ಕೆಲಸ ಬಿಟ್ಟರು. ಬಿಟ್ಟು ಮನೆಯಲ್ಲಿ ಕೂರಲಿಲ್ಲ. ವಿದೇಶಗಳಿಗೆ ಹೋಗಿ ಅಲ್ಲಿನ ಎಂಜಿನಿಯರಿಂಗ್ ಕೆಲಸಗಳನ್ನು ನೋಡುತ್ತಾ ಹೊರಟರು. ಅದೇ ವರ್ಷ ಮೂಸಿ ನದಿಯ ಪ್ರವಾಹಕ್ಕೆ ತತ್ತರಿಸಿದ ಹೈದರಾಬಾದ್ ಅವರನ್ನು ಕರೆಸಿಕೊಂಡಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಆ ಹೊತ್ತಿನ ಸಾಧನೆಗಳು ಪಠ್ಯಪುಸ್ತಕದಲ್ಲೇ ಇವೆ.

1918ರಲ್ಲಿ ಆ ಹುದ್ದೆಯೂ ಹೋಯಿತು. ಹಿಂದುಳಿದ ಸಮುದಾಯದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಹೊಂದಿಕೆಯಾಗಲಿಲ್ಲ. ಈ ವಿಷಯದಲ್ಲಿ ನಾನು ಮಹಾರಾಜರ ಪರ. ನನ್ನ ಮನೆಯವರು ಅರ್ಜಿ ತುಂಬುವಂತಾದದ್ದು ಅಂಥ ತೀರ್ಮಾನಗಳಿಂದಲೇ. ಆದರೂ ಅವರ ಮುಂದಿನ ದಿನಗಳಿಂದ ಕಲಿಯುವುದಿದೆ. ಅಧಿಕಾರವಿಲ್ಲದ ಆ ಕಾಲದಲ್ಲಿ ಮತ್ತೆ ದೇಶ ಸುತ್ತಿದರು, ಭಾರತವನ್ನು ಹೊಸದಾಗಿ ಕಟ್ಟುವ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು 1920ರಲ್ಲಿ ಹೊರತಂದರು. ಹೊತ್ತಿಗೆ ಸರಿಯಾಗಿ ನಡಿಗೆ, ಮಿತವಾದ ಊಟ, ಅಚ್ಚುಕಟ್ಟಾದ ಉಡುಪು, ಬರೆದದ್ದನ್ನು ಮತ್ತೆ ಮತ್ತೆ ತಿದ್ದುವುದು. ದಿವಾನಗಿರಿ ಹೋದರೂ ಇವು ಹೋಗಲಿಲ್ಲ.

ಆಮೇಲೆ ಭದ್ರಾವತಿ. 1923ರಲ್ಲಿ ಕುಲುಮೆ ಹೊತ್ತಿಕೊಳ್ಳುವಾಗ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಮಲೆನಾಡಿನ ಮರದ ಇದ್ದಿಲೇ ಇಂಧನ. ಅದಿರು ಕೆಮ್ಮಣ್ಣುಗುಂಡಿಯಿಂದ ಬರಬೇಕು. ನಷ್ಟದಲ್ಲಿದ್ದ ಆ ಕಾರ್ಖಾನೆಯ ಆಡಳಿತ ಮಂಡಳಿಗೆ ಅವರು ಅಧ್ಯಕ್ಷರಾದರು. ಖರ್ಚು ಇಳಿಸಿದರು, ಸ್ಥಳೀಯರನ್ನು ಕೆಲಸಕ್ಕೆ ತಯಾರು ಮಾಡಿದರು. 1929ರವರೆಗೆ ಬಿಡದೆ ಹಿಡಿದು ನಡೆಸಿದರು. ಅಲ್ಲಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಯುವಕರಿಗೆ ವೃತ್ತಿ ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಬೆಳೆದದ್ದು ಹಾಗೆ.

ಆ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದ ನಮ್ಮ ಅಜ್ಜ ಊದುಕುಲುಮೆಯ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಅದನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚಲಾಗದು. ಒಳಗೆ ತಣ್ಣಗಾದರೆ ಎಲ್ಲ ಗಟ್ಟಿಕಟ್ಟಿಕೊಳ್ಳುತ್ತದೆ, ಮತ್ತೆ ಶುರು ಮಾಡುವುದು ಭಾರೀ ಕಷ್ಟ. ಅದಿರು ಕಡಿಮೆಯಿದ್ದ ದಿನ ಬೆಂಕಿ ತಗ್ಗಿಸಬೇಕೇ ಹೊರತು ಆರಿಸಬಾರದು. ನಾನು ತಪ್ಪಿದ್ದು ಇಲ್ಲೇ. ಹನ್ನೆರಡು ಗಂಟೆ ಓದಲಾಗದ ದಿನ ಒಂದು ಗಂಟೆಯನ್ನೂ ಓದುತ್ತಿರಲಿಲ್ಲ.

ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೂ ಬಿಹಾರಕ್ಕೆ ಹೋಗಿ ಗಂಗಾ ಸೇತುವೆಯ ಜಾಗದ ಬಗ್ಗೆ ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಗೋಡೆಯಿಂದ ಐದನೇ ಟೈಮ್‌ಟೇಬಲ್ ತೆಗೆದೆ. ಈಗ ಇರುವುದು ಒಂದು ನೋಟ್‌ಬುಕ್ ಮಾತ್ರ. ದಿನವೂ ಬೆಳಿಗ್ಗೆ ಆರರಿಂದ ಏಳು, ಒಂದು ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ನಿನ್ನೆಯದನ್ನು ತಿದ್ದುತ್ತೇನೆ. ಉಳಿದ ಓದು ಆದಷ್ಟು. ಎಪ್ಪತ್ತೊಂದು ದಿನವಾಯಿತು. ಜ್ವರ ಬಂದ ಎರಡು ದಿನ ನಾಲ್ಕೇ ಸಾಲು ಬರೆದೆ. ಪರೀಕ್ಷೆ ಮತ್ತೆ ಮುಂದೂಡಿದ ಸುದ್ದಿ ಬಂದ ಮರುದಿನ ಪೂರ್ತಿ ಒಂದು ಪುಟ ಬರೆದೆ.

ಕೆಲಸ ಇನ್ನೂ ಸಿಕ್ಕಿಲ್ಲ ಗೆಳೆಯರೇ. ನಾಳೆ ಆರಕ್ಕೆ ಎದ್ದು ಮತ್ತೆ ಬರೆಯುವುದಿದೆ.