ಗಣಕಯಂತ್ರಕ್ಕೆ ಸರದಿ ಕಲಿಸಿದ ಡೈಕ್‌ಸ್ಟ್ರಾ

ಹಿಂದೆ ರೈಲು ನಿಲ್ದಾಣಗಳ ಹೊರಗೆ ಕೈಮರಗಳು ಇರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಕೈ ಅಡ್ಡವಾಗಿದ್ದರೆ ರೈಲು ನಿಲ್ಲಬೇಕು. ಕೈ ಇಳಿದರೆ ಮುಂದೆ ಸಾಗಬಹುದು. ಒಂದೇ ಹಳಿಗೆ ಎರಡು ರೈಲುಗಳು ಬಾರದಂತೆ ಕಾಯುವುದೇ ಅದರ ಕೆಲಸ. ಗಣಕಯಂತ್ರದ ಒಳಗೂ ಅಂಥದೊಂದು ಕೈಮರವನ್ನು ನೆಟ್ಟವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಆ ಮಹನೀಯರ ಬಾಳನ್ನು ಸಂಕ್ಷೇಪವಾಗಿ ನೋಡೋಣ.

ಡೈಕ್‌ಸ್ಟ್ರಾ ಅವರು 1930ರ ಮೇ 11ರಂದು ರಾಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ತಾಯಿ ಗಣಿತಜ್ಞೆ. ಬಾಲಕನಿಗೆ ವಕೀಲನಾಗುವ ಆಸೆಯಿತ್ತು. ಆದರೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿದರು. 1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋಗಿ, ಪ್ರೋಗ್ರಾಂ ಬರೆಯುವ ವಿದ್ಯೆಯನ್ನು ಮೂರು ವಾರ ಕಲಿತು ಬಂದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆಯಾದಾಗ ಉದ್ಯೋಗದ ಅಂಕಣದಲ್ಲಿ ಅದನ್ನೇ ಬರೆದರು. ಅಂಥ ಉದ್ಯೋಗವೇ ಇಲ್ಲವೆಂದು ಅಧಿಕಾರಿಗಳು ಒಪ್ಪಲಿಲ್ಲ! ಕೊನೆಗೆ ಭೌತಶಾಸ್ತ್ರಜ್ಞನೆಂದು ಬರೆಸಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಭಾವೀ ಪತ್ನಿಯೊಡನೆ ಕುಳಿತಿದ್ದಾಗ, ಎರಡು ಊರುಗಳ ನಡುವಣ ಅತಿ ಹತ್ತಿರದ ದಾರಿಯನ್ನು ಹುಡುಕುವ ಕ್ರಮವನ್ನು ಅವರು ಸುಮಾರು 20 ನಿಮಿಷಗಳಲ್ಲಿ ಮನಸ್ಸಿನಲ್ಲೇ ರೂಪಿಸಿದ್ದರು.

ಅವರನ್ನು ಹೆಚ್ಚು ಕಾಡಿದ್ದು ಬೇರೊಂದು ಸಮಸ್ಯೆ. ಎಕ್ಸ್-1 ಎಂಬ ಹೊಸ ಗಣಕಯಂತ್ರದಲ್ಲಿ, ಮುಖ್ಯ ಲೆಕ್ಕ ನಡೆಯುತ್ತಿರುವಾಗಲೇ ಬೇರೆ ಉಪಕರಣಗಳು ನಡುವೆ ಬಂದು ಅದನ್ನು ತಡೆಯಬಹುದಿತ್ತು. ಯಾವ ಕ್ಷಣದಲ್ಲಿ ತಡೆಯುವುವೆಂದು ಹೇಳುವಂತಿರಲಿಲ್ಲ. ಇಂದು ಕಂಡ ತಪ್ಪು ನಾಳೆ ಹುಡುಕಿದರೆ ಕಾಣುವುದಿಲ್ಲ. ಇಂಥಲ್ಲಿ ನೂರು ಸಲ ನಡೆಸಿ ನೋಡಿದರೂ ಭರವಸೆಯಿಲ್ಲ. ತಪ್ಪು ಬರಲಾರದೆಂದು ತರ್ಕದಿಂದಲೇ ಸಾಧಿಸಬೇಕೆಂದು ಅವರು ಮನಗಂಡರು. ಈ ಯಂತ್ರದ ಮೇಲಿನ ಪ್ರಬಂಧಕ್ಕೆ 1959ರಲ್ಲಿ ಡಾಕ್ಟರೇಟ್ ದೊರೆಯಿತು.

ಆ ಸಮಸ್ಯೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಅಂಗಡಿಯೊಂದರಲ್ಲಿ 10 ಮೂಟೆ ಅಕ್ಕಿಯಿದೆ. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಪುಸ್ತಕ ನೋಡುತ್ತಾರೆ. ಇಬ್ಬರಿಗೂ 10 ಕಾಣುತ್ತದೆ. ಒಬ್ಬೊಬ್ಬರೂ ಒಂದು ಮೂಟೆ ಮಾರಿ 9 ಎಂದು ಬರೆಯುತ್ತಾರೆ. ಉಳಿದದ್ದು 8, ಪುಸ್ತಕದಲ್ಲಿ 9! ಇಬ್ಬರೂ ಪ್ರಾಮಾಣಿಕರೇ, ಆದರೂ ಲೆಕ್ಕ ತಪ್ಪಿತು. ಒಬ್ಬರು ಬರೆದು ಮುಗಿಸುವವರೆಗೆ ಇನ್ನೊಬ್ಬರು ಪುಸ್ತಕ ಮುಟ್ಟಬಾರದು. ಗಣಕಯಂತ್ರದಲ್ಲಿ ಇಬ್ಬರ ಮಟ್ಟಿಗೆ ಈ ನಿಯಮವನ್ನು ಸಾಧಿಸಿದವರು ಡೆಕ್ಕರ್ ಎಂಬ ಡಚ್ ಗಣಿತಜ್ಞರು. ಎಷ್ಟು ಮಂದಿಯಿದ್ದರೂ ಸಲ್ಲುವ ಉತ್ತರವನ್ನು ಡೈಕ್‌ಸ್ಟ್ರಾ 1965ರಲ್ಲಿ ಪ್ರಕಟಿಸಿದರು. ಇದಲ್ಲದೆ ಸೆಮಫೋರ್, ಅಂದರೆ ಕೈಮರ, ಎಂಬ ಸರಳ ಸಾಧನವನ್ನೂ ಕೊಟ್ಟರು. ಹಾದಿ ತೆರವಿಲ್ಲದಿದ್ದರೆ ಕಾಯುವುದು, ಕೆಲಸ ಮುಗಿದೊಡನೆ ಹಾದಿ ಬಿಡುವುದು: ಇವೆರಡೇ ಅದರ ಕ್ರಿಯೆಗಳು.

1962ರಿಂದ ಅವರು ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಸಣ್ಣ ತಂಡವೊಂದನ್ನು ಕಟ್ಟಿಕೊಂಡು, ಅನೇಕ ಕೆಲಸಗಳನ್ನು ಒಟ್ಟಿಗೆ ನಡೆಸುವ ವ್ಯವಸ್ಥೆಯನ್ನು ರಚಿಸಿ 1968ರಲ್ಲಿ ಅದರ ವಿವರ ಪ್ರಕಟಿಸಿದರು. ಅದರಲ್ಲಿ ಸ್ಮರಣೆಯನ್ನು ಪುಟಗಳಾಗಿ ವಿಂಗಡಿಸಿ, ಯಾವ ಮಾಹಿತಿ ಎಲ್ಲಿದೆಯೆಂಬ ಲೆಕ್ಕವನ್ನು ಯಂತ್ರವೇ ಇಡುತ್ತಿತ್ತು. ಕೆಲಸಗಳು ಒಂದನ್ನೊಂದು ತುಳಿಯದಂತೆ ಸೆಮಫೋರ್‌ಗಳು ಕಾಯುತ್ತಿದ್ದವು.

ಇಂದಿನ ಮೊಬೈಲ್ ಫೋನಿನಲ್ಲೂ ಅಂಥ ಪುಟಗಳ ಕೋಷ್ಟಕವಿದೆ. ಹಲವು ಸಂಸ್ಕಾರಕಗಳು ಅದನ್ನು ಒಮ್ಮೆಗೇ ತಿದ್ದಹೊರಟರೆ ಅಕ್ಕಿಯ ಲೆಕ್ಕದ ಗತಿಯೇ! ಆದ್ದರಿಂದ ತಿದ್ದುವ ಮುನ್ನ ಬೀಗ ಹಾಕಿ, ತಿದ್ದಿದ ಮೇಲೆ ತೆಗೆಯಲಾಗುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಮೊದಲು ಒಂದು ಕೆಲಸದ ಇಡೀ ಕೋಷ್ಟಕಕ್ಕೆ ಒಂದೇ ಬೀಗವಿತ್ತು. ಕಾಯುವವರು ಹೆಚ್ಚಾದಾಗ ಭಾಗಕ್ಕೊಂದು ಬೀಗ ಬಂತು. ಬೀಗಗಳು ಹೆಚ್ಚಿದರೆ ಇನ್ನೊಂದು ಅಪಾಯ. ಒಬ್ಬರ ಕೈಲಿರುವ ಬೀಗಕ್ಕೆ ಇನ್ನೊಬ್ಬರು ಕಾಯುತ್ತ, ಇಬ್ಬರೂ ಅಲ್ಲಾಡದೆ ನಿಂತುಬಿಡಬಹುದು. ಊಟಕ್ಕೆ ಕುಳಿತ ಐವರು ತತ್ತ್ವಜ್ಞಾನಿಗಳ ಒಗಟಿನ ಮೂಲಕ ಡೈಕ್‌ಸ್ಟ್ರಾ ಇದನ್ನೂ ತೋರಿಸಿಕೊಟ್ಟರು. ಒಬ್ಬೊಬ್ಬರಿಗೂ ಎರಡು ಮುಳ್ಳುಚಮಚ ಬೇಕು, ಇರುವುದು ಐದೇ. ಎಲ್ಲರೂ ಒಂದೊಂದನ್ನು ಹಿಡಿದು ಕುಳಿತರೆ ಎಲ್ಲರಿಗೂ ಉಪವಾಸ. ಬೀಗಗಳನ್ನು ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯಬೇಕೆಂಬುದೇ ಇದಕ್ಕೆ ಪರಿಹಾರ.

1972ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1984ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿ 1999ರಲ್ಲಿ ನಿವೃತ್ತರಾದರು. ಗಣಕವಿಜ್ಞಾನದ ಈ ಗುರುಗಳು ತಮ್ಮ ವಿಚಾರಗಳನ್ನು ಬಹುಮಟ್ಟಿಗೆ ಶಾಯಿಪೆನ್ನಿನಿಂದಲೇ ಬರೆದು, ಕ್ರಮಸಂಖ್ಯೆ ಹಾಕಿ ಮಿತ್ರರಿಗೆ ಕಳುಹಿಸುತ್ತಿದ್ದರು. ಅಂಥ ಬರಹಗಳು 1300ಕ್ಕೂ ಹೆಚ್ಚು. 2002ರ ಆಗಸ್ಟ್ 6ರಂದು ತಾಯ್ನಾಡಿನ ನ್ಯೂನೆನ್ ಊರಿನಲ್ಲಿ ನಿಧನರಾದರು.

ಉತ್ತರ ಒಮ್ಮೆ ಸರಿಬಂತೆಂದು ನಾವು ತೃಪ್ತರಾಗುತ್ತೇವೆ. ಅದು ಏಕೆ ಸರಿ ಎಂದು ತಿಳಿಯುವವರೆಗೆ ಡೈಕ್‌ಸ್ಟ್ರಾ ತೃಪ್ತರಾಗಲಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲೂ ಈ ಅಭ್ಯಾಸ ಬೆಳೆಯಲಿ.